ಊರಿನ ಕಂದಾಯ ಯಾರಿಗೆ ಸಲ್ಲುತ್ತಿತ್ತು? ಸ್ಥಳೀಯ ಇತಿಹಾಸದ ಆಕರಗಳನ್ನು ಹುಡುಕುವ ಬಗೆ

(ತಾಲ್ಲೂಕು ಕೇಂದ್ರವೊಂದರ ಸಾರ್ವಜನಿಕ ಗ್ರಂಥಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ)

ಊರಿನ ಇತಿಹಾಸ ಬರೆಯಲು ಹೊರಟವರಲ್ಲಿ ಹೆಚ್ಚಿನವರು ಊರಿನ ಹೆಸರಿನಿಂದ ಆರಂಭಿಸುತ್ತಾರೆ. ನಾನೂ ಹಾಗೆಯೇ ಆರಂಭಿಸಿದವನು. ದೇವಸ್ಥಾನದ ಜೀರ್ಣೋದ್ಧಾರದ ಸ್ಮರಣ ಸಂಚಿಕೆಗೆಂದು ಬರೆದ ನನ್ನ ಮೊದಲ ಲೇಖನದಲ್ಲಿ ಒಬ್ಬ ಪಾಳೆಯಗಾರ, ಅವನ ಬೇಟೆ, ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಬಂದ ಒಂದು ಮೊಲ, ಅದನ್ನು ಕಂಡು ಇದು ಗಂಡುಮೆಟ್ಟಿನ ನೆಲವೆಂದು ಬಗೆದು ಅವನು ಕಟ್ಟಿಸಿದ ಕೋಟೆ, ಇಷ್ಟೂ ಇದ್ದವು. ಮುಂದಿನ ವರ್ಷಗಳಲ್ಲಿ ಅದೇ ಮೊಲ ಅದೇ ನಾಯಿಯನ್ನು ನಾಡಿನ ಎಷ್ಟೋ ಊರುಗಳಲ್ಲಿ ಅಟ್ಟಿಸಿಕೊಂಡು ಹೋಗಿರುವುದನ್ನು ಓದಿದ ಮೇಲೆ, ನಾನು ಬರೆದದ್ದು ಯಾವ ಊರಿಗಾದರೂ ಒಪ್ಪುವ ಲೇಖನವೆಂಬುದು ತಿಳಿಯಿತು. ಹೆಸರಿನ ಕಥೆಗಳನ್ನು ನಾನು ಈಗಲೂ ಸಂಗ್ರಹಿಸುತ್ತೇನೆ. ಅವು ಊರಿನವರು ತಮ್ಮ ಬಗ್ಗೆ ಏನು ನಂಬಿದ್ದಾರೆಂಬುದನ್ನು ತಿಳಿಸುತ್ತವೆ. ಊರಿನಲ್ಲಿ ಏನು ನಡೆಯಿತೆಂಬುದನ್ನು ತಿಳಿಯಲು ಬೇರೆ ದಾರಿ ಹಿಡಿಯಬೇಕಾಗುತ್ತದೆ.

ಆ ದಾರಿಯ ಬಾಯಲ್ಲಿ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಊರಿನ ಕಂದಾಯ ಯಾರಿಗೆ ಸಲ್ಲುತ್ತಿತ್ತು? ಪ್ರಶ್ನೆ ಒರಟಾಗಿ ಕೇಳಿಸಬಹುದು. ಆದರೆ ಹಳ್ಳಿಗಳ ಬಗ್ಗೆ ನಮಗೆ ಉಳಿದು ಬಂದಿರುವ ಲಿಖಿತ ದಾಖಲೆಗಳಲ್ಲಿ ಬಹುಪಾಲು, ಯಾರು ಎಷ್ಟು ಕೊಡಬೇಕು, ಯಾರು ಕೊಡಬೇಕಾಗಿಲ್ಲ, ಕೊಡದವರಿಗೆ ಆ ವಿನಾಯಿತಿ ಏಕೆ ಎಂಬ ಲೆಕ್ಕಕ್ಕಾಗಿ ಹುಟ್ಟಿದವು. ಶಿಲಾಶಾಸನವೂ ಬಹುಮಟ್ಟಿಗೆ ಅಂಥದ್ದೇ. ದೇವರಿಗೆ, ಬ್ರಾಹ್ಮಣರಿಗೆ, ಬಸದಿಗೆ, ಸತ್ತ ವೀರನ ಮನೆಯವರಿಗೆ ಬಿಟ್ಟ ಭೂಮಿಯ ತೆರಿಗೆಯನ್ನು ಮುಂದಿನ ಅರಸರು ಕೇಳಬಾರದೆಂದು ಕಲ್ಲಿನಲ್ಲಿ ಬರೆಸಿದ ಪತ್ರ ಅದು. ಇಂಥ ದತ್ತಿಗಳ ಹೆಸರುಗಳಾದ ಸರ್ವಮಾನ್ಯ, ಕೊಡಗಿ, ನೆತ್ತರುಗೊಡಗೆ, ಬಿಟ್ಟುವಟ್ಟ ಎಂಬ ಮಾತುಗಳೆಲ್ಲ ಕಂದಾಯದ ಶಬ್ದಕೋಶಕ್ಕೆ ಸೇರಿದವು. ಲೆಕ್ಕ ಬರೆದವನ ದಫ್ತರ ಎಲ್ಲಿಗೆ ಹೋಯಿತೋ ಊರಿನ ಚರಿತ್ರೆಯೂ ಅಲ್ಲಿಗೆ ಹೋಗಿದೆ. ಆದ್ದರಿಂದ ಅಂತರಜಾಲದಲ್ಲಿ ಊರಿನ ಹೆಸರನ್ನು ಟೈಪು ಮಾಡುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಂಡರೆ ಹಲವು ತಿಂಗಳುಗಳ ಅಲೆದಾಟ ಉಳಿಯುತ್ತದೆ.

1956ರ ನವೆಂಬರ್ 1ಕ್ಕೆ ಮೊದಲು ಇಂದಿನ ಕರ್ನಾಟಕ ಹಲವು ಆಡಳಿತಗಳ ಕೈಯಲ್ಲಿ ಹಂಚಿಹೋಗಿತ್ತೆಂಬುದನ್ನು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಕೇಳುತ್ತೇವೆ. ಹುಡುಕಾಟಕ್ಕೆ ಇಳಿದಾಗ ಮರೆಯುತ್ತೇವೆ. ಮೈಸೂರು ಸಂಸ್ಥಾನದ ಹಳ್ಳಿಯಾದರೆ ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ ಹುಡುಕಬಹುದು. ಧಾರವಾಡ, ಬೆಳಗಾವಿ, ವಿಜಯಪುರದ ಕಡೆಯ ಹಳ್ಳಿಯಾದರೆ ಮುಂಬಯಿ ಪ್ರಾಂತ್ಯದ ಕಾಗದಗಳು ಮುಂಬಯಿಯಲ್ಲಿಯೂ, ಅದಕ್ಕೂ ಹಿಂದಿನ ಮರಾಠರ ಕಾಲದವು ಪುಣೆಯ ಪೇಶ್ವೆ ದಫ್ತರದಲ್ಲಿಯೂ ಇವೆ. ದಕ್ಷಿಣ ಕನ್ನಡದವರು ಚೆನ್ನೈಗೆ ಹೋಗಬೇಕು. ಉತ್ತರ ಕನ್ನಡದವರ ಕಷ್ಟ ಇನ್ನೂ ವಿಚಿತ್ರವಾದದ್ದು: 1799ರಿಂದ ಮದರಾಸಿಗೆ ಸೇರಿದ್ದ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು 1862ರಲ್ಲಿ ಮುಂಬಯಿಗೆ ವರ್ಗಾಯಿಸಿದ್ದರಿಂದ, ಅಜ್ಜನ ಕಾಲದ ಕಾಗದ ಮುಂಬಯಿಯಲ್ಲಿದ್ದರೆ ಅವರ ಮುತ್ತಜ್ಜನ ಕಾಲದ್ದು ಚೆನ್ನೈಯಲ್ಲಿ ಇರಬಹುದು. ಬಳ್ಳಾರಿ 1953ರವರೆಗೆ, ಕೊಳ್ಳೇಗಾಲ 1956ರವರೆಗೆ ಮದರಾಸಿನ ಲೆಕ್ಕದಲ್ಲಿದ್ದವು. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಲೆಕ್ಕದಲ್ಲಿದ್ದು ಹೈದರಾಬಾದಿನತ್ತ ಕೈತೋರಿಸುತ್ತವೆ. ಜಮಖಂಡಿ, ಮುಧೋಳ, ಸವಣೂರು, ಸಂಡೂರಿನಂಥ ಪುಟ್ಟ ಸಂಸ್ಥಾನಗಳ ಹಳ್ಳಿಗಳಿಗೆ ದಾರಿ ಬೇರೆ. ಪಕ್ಕಪಕ್ಕದ ಎರಡು ಊರುಗಳ ದಾಖಲೆಗಳು ಎರಡು ಮಹಾನಗರಗಳಲ್ಲಿ, ಎರಡು ಲಿಪಿಗಳಲ್ಲಿ ಇರುವುದು ಗಡಿ ತಾಲ್ಲೂಕುಗಳಲ್ಲಿ ಅಪರೂಪವಲ್ಲ.

ಲಿಪಿಯ ಮಾತು ಬಂದದ್ದರಿಂದ ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಮರಾಠರ ಕಾಲದ ದಾಖಲೆ ಮೋಡಿ ಲಿಪಿಯಲ್ಲಿರುತ್ತದೆ. ಇಂದಿನ ಮರಾಠಿ ಓದಬಲ್ಲವರೂ ಅದನ್ನು ಓದಲಾರರು. ನಿಜಾಮರ ಕಡೆಯದು ಪಾರಸಿ ಅಥವಾ ಉರ್ದುವಿನಲ್ಲಿರುತ್ತದೆ. ಕೋಲಾರ, ಬೆಂಗಳೂರುಗಳ ಕಡೆಯ ಹಳ್ಳಿಗಳಲ್ಲಿ ಚೋಳರ ಕಾಲದ ಮತ್ತು ಆಮೇಲಿನ ತಮಿಳು ಶಾಸನಗಳು ಧಾರಾಳವಾಗಿ ಇವೆ. ಅವುಗಳನ್ನು ಕಂಡು ಕೆಲವರು ಮುಜುಗರಪಡುವುದನ್ನು ನೋಡಿದ್ದೇನೆ, ಆದರೆ ಅವು ಅದೇ ಊರಿನ ಕೆರೆಯನ್ನೂ ಗದ್ದೆಯನ್ನೂ ಕುರಿತು ಬರೆದವು. ವರ್ಷಗಣನೆಯೂ ಒಂದೇ ರೀತಿ ಇರುವುದಿಲ್ಲ. ಶಕವರ್ಷಕ್ಕೆ 78 ಕೂಡಿಸಬೇಕೆಂಬುದು ಹೆಚ್ಚಿನವರಿಗೆ ಗೊತ್ತು. ಮದರಾಸು ಮತ್ತು ಹೈದರಾಬಾದು ಕಡೆಯ ಕಂದಾಯ ಲೆಕ್ಕಗಳಲ್ಲಿ ಬರುವ ಫಸಲಿ ವರ್ಷಕ್ಕೆ 590 ಕೂಡಿಸಬೇಕೆಂಬುದು ಅಷ್ಟಾಗಿ ಗೊತ್ತಿಲ್ಲ. ಫಸಲಿ 1360 ಎಂದರೆ 1950-51. ಹಳೆಯ ಅಡಂಗಲಿನ (ಊರಿನ ಜಮೀನು, ಬೆಳೆಗಳ ಲೆಕ್ಕದ ಪುಸ್ತಕ) ಮೇಲೆ 1310 ಎಂದು ಕಂಡವರೊಬ್ಬರು ತಮ್ಮ ಮನೆತನ ಹೊಯ್ಸಳರ ಕಾಲದ್ದೆಂದು ಸಂಭ್ರಮಿಸಿದ್ದನ್ನು ನಾನು ಕಂಡಿದ್ದೇನೆ. ಅದು 1900ರ ಕಾಗದವಾಗಿತ್ತು.

ಮೈಸೂರು ಸೀಮೆಯ ಹಳ್ಳಿಗಳವರಿಗೆ ಒಂದು ಭಾಗ್ಯವಿದೆ. ಮೈಸೂರಿನ ಪುರಾತತ್ವ ಇಲಾಖೆಯ ಮುಖ್ಯಸ್ಥರಾಗಿದ್ದ ಬಿ. ಎಲ್. ರೈಸ್ ಅವರು 1886ರಿಂದ 1905ರವರೆಗೆ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ ಹನ್ನೆರಡು ಸಂಪುಟಗಳು ಸುಮಾರು 9,000 ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿಕೊಟ್ಟಿವೆ. ಮೂಲ ಪಾಠ ಕನ್ನಡ ಲಿಪಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ ಇದೆ; ಜೊತೆಗೆ ಇಂಗ್ಲಿಷ್ ಅನುವಾದವಿದೆ. ಈ ಸಂಪುಟಗಳ ಸ್ಕ್ಯಾನ್ ಪ್ರತಿಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಯಾರಿಗೂ ಉಚಿತವಾಗಿ ದೊರೆಯುತ್ತವೆ. ಉತ್ತರ ಕರ್ನಾಟಕದವರಿಗೆ ಇದಕ್ಕೆ ಸಮವಾದದ್ದು, ಮುಂಬಯಿ ಕರ್ನಾಟಕದ ಶಾಸನಗಳನ್ನು ಒಳಗೊಂಡ ದಕ್ಷಿಣ ಭಾರತದ ಶಾಸನಗಳ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಆ ಕಡೆಯವರ ನೆರವಿಗೆ ಬರುತ್ತವೆ.

ಇವೆಲ್ಲ ಒಟ್ಟಿಗೆ ಹೇಗೆ ಕೆಲಸಕ್ಕೆ ಬರುತ್ತವೆಂಬುದಕ್ಕೆ ಬೇಗೂರನ್ನು ತೆಗೆದುಕೊಳ್ಳೋಣ. ಬೆಂಗಳೂರಿನ ದಕ್ಷಿಣಕ್ಕಿದ್ದು ಈಗ ನಗರದೊಳಗೆ ಕರಗಿಹೋಗಿರುವ ಊರು ಅದು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳೆಂಬ, ಅದರಿಂದ ಬೆಂದಕಾಳೂರು ಆಯಿತೆಂಬ ಕಥೆ ಎಲ್ಲರಿಗೂ ಗೊತ್ತು. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದಲ್ಲಿರುವ, ಸುಮಾರು 890ರ ವೀರಗಲ್ಲೊಂದು ‘ಬೆಂಗಳೂರ ಕಾಳೆಗ’ವನ್ನು ಹೆಸರಿಸುತ್ತದೆ. ಮುದುಕಿ ಕಾಳು ಬೇಯಿಸುವುದಕ್ಕೆ ಮುನ್ನೂರು ವರ್ಷ ಮೊದಲೇ ಊರಿಗೆ ಹೆಸರಿತ್ತು, ಅಲ್ಲಿ ಜಗಳವೂ ಆಗಿತ್ತು! ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಈ ಕಲ್ಲು ಬೆಳಕಿಗೆ ಬಂದದ್ದು ರೈಸ್ ಅವರ ಬೆಂಗಳೂರು ಸಂಪುಟ ಅಚ್ಚಾದ ಮೇಲೆ, ಅವರ ನಂತರ ಪುರಾತತ್ವ ಇಲಾಖೆಯನ್ನು ವಹಿಸಿಕೊಂಡ ಆರ್. ನರಸಿಂಹಾಚಾರ್ ಅವರ ಕಾಲದಲ್ಲಿ. ರೈಸ್ ಅವರ ಸಂಪುಟದಲ್ಲಿ ಊರಿನ ಹೆಸರಿಲ್ಲವೆಂದು ಕೈಚೆಲ್ಲಿದವರಿಗೆ ಅದು ಸಿಕ್ಕುತ್ತಿರಲಿಲ್ಲ. ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ವರ್ಷ ಬಿಡದೆ ನೋಡಬೇಕು. ಅವುಗಳ ಪುಟ ತಿರುಗಿಸುವುದು ಬೇಸರದ ಕೆಲಸ. ಆದರೂ ಅದನ್ನು ತಪ್ಪಿಸಿಕೊಳ್ಳುವ ಉಪಾಯ ನನಗೆ ಈವರೆಗೆ ಕಂಡಿಲ್ಲ.

ಅದೇ ಬೇಗೂರಿನ ಇನ್ನೊಂದು ವೀರಗಲ್ಲು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಆನೆಗಳೂ ಕುದುರೆಗಳೂ ತುಂಬಿದ ಯುದ್ಧದ ಕೆತ್ತನೆಯಿಂದಾಗಿ ಅದನ್ನು ಹೆಚ್ಚಿನವರು ಶಿಲ್ಪವೆಂದೇ ನೋಡಿ ಮುಂದೆ ಸಾಗುತ್ತಾರೆ. ಬರೆಹವನ್ನು ಓದಿದರೆ ಅದೊಂದು ಕಂದಾಯದ ಕಾಗದ. ತುಂಬೆಪಾಡಿಯ ಕಾಳೆಗದಲ್ಲಿ ನಾಗತ್ತರನೆಂಬ ನಾಯಕನು ಮಡಿದ ಮೇಲೆ ಗಂಗರ ಅರಸ ಎರೆಯಪ್ಪನು ಇರುಗನೆಂಬವನಿಗೆ ನಾಗತ್ತರನ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡು ಎಂಬ ಹಳ್ಳಿಗಳ ಗುಂಪನ್ನು ಕಲ್ನಾಡಾಗಿ (ವೀರರಿಗೆ ಕೊಡುವ ಭೂದತ್ತಿಯಾಗಿ) ಕೊಟ್ಟನೆಂದೂ, ಅದಕ್ಕೆ ಸೇರಿದ ಹಳ್ಳಿಗಳು ಇಂಥಿಂಥವೆಂದೂ ಅಲ್ಲಿದೆ. ಬೆಂಪೂರು ಇಂದಿನ ಬೇಗೂರು. ಪಟ್ಟಿಯಲ್ಲಿ ಇಗ್ಗಲೂರು, ಎಲ್ಕುಂಟೆ, ಕೂಡಲೆ ಎಂಬ ಹೆಸರುಗಳೂ ಬರುತ್ತವೆ. ಈಗ ಭೂಮಾಪನ ಇಲಾಖೆಯ ಜಾಲತಾಣದಿಂದ ಬೇಗೂರು ಹೋಬಳಿಯ ಮತ್ತು ಆನೇಕಲ್ ತಾಲ್ಲೂಕಿನ ಗ್ರಾಮನಕ್ಷೆಗಳನ್ನು ತೆಗೆದು ಮೇಜಿನ ಮೇಲೆ ಹರಡಿ. ಬೇಗೂರು ಹೋಬಳಿಯಲ್ಲಿ ಎಲ್ಲುಕುಂಟೆ ಇದೆ. ಆನೇಕಲ್ ತಾಲ್ಲೂಕಿನಲ್ಲಿ ಕೂಡ್ಲು ಇದೆ, ಇಗ್ಗಲೂರು ಇದೆ. ಒಂದೊಂದು ಹೆಸರನ್ನೂ ಹೀಗೆ ಹೊಂದಿಸುವಾಗ ಎಚ್ಚರ ಬೇಕು. ಕೂಡಲೆಯೇ ಕೂಡ್ಲು ಎಂಬುದನ್ನು ನಾನು ಒಪ್ಪುತ್ತೇನೆ, ಆದರೆ ಬರಿಯ ಸದ್ದಿನ ಹೋಲಿಕೆಯ ಮೇಲೆ ಉಳಿದ ಹೆಸರುಗಳನ್ನೆಲ್ಲ ಹಂಚಿಬಿಡುವ ಧೈರ್ಯ ಮಾಡಲಾರೆ. ಅಷ್ಟಾದರೂ, ಅಪಾರ್ಟ್‌ಮೆಂಟುಗಳ ನಡುವೆ ಹೆಸರು ಕಳೆದುಕೊಳ್ಳುತ್ತಿರುವ ಒಂದು ಕಂದಾಯ ಗ್ರಾಮ ಸಾವಿರದ ನೂರು ವರ್ಷಗಳ ಹಿಂದೆಯೂ ಕಂದಾಯ ಗ್ರಾಮವೇ ಆಗಿತ್ತೆಂದು ತಿಳಿದಾಗ ಆಗುವ ಸಂತೋಷವನ್ನು ನಾನು ಮುಚ್ಚಿಡುವುದಿಲ್ಲ.

ಇಷ್ಟು ಕೆಲಸವನ್ನು ಮನೆಯಲ್ಲಿ ಕುಳಿತೇ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಅರ್ಧದಷ್ಟು ಮಾಡಬಹುದು, ಅದಕ್ಕೂ ಜಾಲದ ಕೆಲವು ಹಟಗಳನ್ನು ಅರಿತಿರಬೇಕು. ರೈಸ್ ಅವರ ರೋಮನ್ ಅಕ್ಷರಗಳ ಮೇಲೆ ಕೆಳಗೆ ಗೆರೆ, ಚುಕ್ಕೆಗಳಿವೆ. ಸ್ಕ್ಯಾನ್ ಮಾಡಿದ ಪುಟವನ್ನು ಪಠ್ಯವಾಗಿ ಬದಲಿಸುವ ತಂತ್ರಾಂಶ ಅವುಗಳ ಮುಂದೆ ಸೋತು, ಳಕಾರ ಣಕಾರಗಳಿದ್ದ ಕಡೆ ಏನೇನನ್ನೋ ತುಂಬುತ್ತದೆ. ನಿಮ್ಮ ಊರಿನ ಹೆಸರು ಹುಡುಕಾಟದಲ್ಲಿ ಸಿಗಲಿಲ್ಲವೆಂದರೆ ಪುಸ್ತಕದಲ್ಲಿ ಇಲ್ಲವೆಂದು ಅರ್ಥವಲ್ಲ. ಹಳೆಯ ಕನ್ನಡ ಅಚ್ಚಿನ ಎಷ್ಟೋ ಪುಸ್ತಕಗಳ ಸ್ಕ್ಯಾನುಗಳಿಗೆ ಹುಡುಕಬಹುದಾದ ಪಠ್ಯವೇ ಇರುವುದಿಲ್ಲ, ಶೀರ್ಷಿಕೆಯನ್ನೂ ಇಂಗ್ಲಿಷ್ ಅಕ್ಷರಗಳಲ್ಲಿ ತಪ್ಪಾಗಿ ನಮೂದಿಸಿರುತ್ತಾರೆ. ಆದ್ದರಿಂದ ಸಂಪುಟವನ್ನು ಇಳಿಸಿಕೊಂಡು, ತಾಲ್ಲೂಕಿನ ವಿಭಾಗಕ್ಕೆ ಹೋಗಿ, ಕಣ್ಣಿನಿಂದಲೇ ಓದಬೇಕು. ಮೈಸೂರು ವಿಶ್ವವಿದ್ಯಾಲಯದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟಗಳ ವಿಂಗಡಣೆಯೂ ಶಾಸನಗಳ ಸಂಖ್ಯೆಯೂ ಬದಲಾಗಿರುವುದರಿಂದ, ಉಲ್ಲೇಖ ಬರೆಯುವಾಗ ಹಳೆಯದೋ ಹೊಸದೋ ಎಂದು ತಿಳಿಸದಿದ್ದರೆ ಮುಂದಿನವರು ಬೇರೊಂದು ಊರಿನ ಕಲ್ಲಿಗೆ ಹೋಗಿ ನಿಲ್ಲುತ್ತಾರೆ. ನಾನೇ ಒಮ್ಮೆ ಹಾಗೆ ನಿಂತಿದ್ದೇನೆ, ಇಪ್ಪತ್ತೆರಡು ಕಿಲೋಮೀಟರು ಸೈಕಲ್ಲು ತುಳಿದ ಮೇಲೆ.

ಹೆಸರುಗಳೂ ಕಾಲಕ್ಕೆ ತಕ್ಕಂತೆ ವೇಷ ಬದಲಿಸುತ್ತವೆ. ಯಲಹಂಕ ಚೋಳರ ಕಾಲದ ತಮಿಳಿನಲ್ಲಿ ಇಲೈಪಾಕ್ಕ, ಹೊಯ್ಸಳರ ಕಾಲದಲ್ಲಿ ಎಲಹಕ್ಕ. ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ತನ್ನ ಪ್ರವಾಸದಲ್ಲಿ ಊರುಗಳ ಹೆಸರನ್ನು ತನಗೆ ಕೇಳಿಸಿದಂತೆ ಬರೆದುಕೊಂಡವನು. ಅವನಲ್ಲಿ ಗುಬ್ಬಿಗೆ ಒಂದೇ ‘ಬಿ’, ಕೋಲಾರಕ್ಕೆ ‘ಸಿ’. ಊರಿನ ಹೆಸರನ್ನು ಐದಾರು ಬಗೆಯಲ್ಲಿ ಬರೆದಿಟ್ಟುಕೊಂಡು, ನೆರೆಯ ದೊಡ್ಡ ಊರಿನ ಹೆಸರಿನಿಂದಲೂ ಹುಡುಕುವುದು ಒಳ್ಳೆಯದು. ಟಿಪ್ಪು ಸತ್ತ ಮರುವರ್ಷ, 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕನನ್ ಮುಂದಿನ ವರ್ಷದವರೆಗೆ ಮೈಸೂರು, ಕೆನರಾ, ಮಲಬಾರುಗಳನ್ನು ಸುತ್ತಿ, ದಿನದಿನದ ತಂಗುದಾಣದ ಹೆಸರು ಹಾಕಿ ಬರೆದ ದಿನಚರಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೀಜದ ಅಳತೆ, ಕಬ್ಬಿಣ ಕರಗಿಸುವ ಬಗೆ, ಮಗ್ಗದ ಕೂಲಿ, ಸಂತೆಯ ಸರಕು ಎಲ್ಲವೂ ಅದರಲ್ಲಿವೆ. ಹೊಸದಾಗಿ ಕೈಸೇರಿದ ನಾಡಿನಿಂದ ಏನು ಹುಟ್ಟೀತೆಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಅವನನ್ನು ಕಳುಹಿಸಿದ್ದನೆಂಬುದನ್ನು ಮರೆಯದೆ ಓದಿದರೆ, ರೈತರು ಅವನ ಮುಂದೆ ಇಳುವರಿಯನ್ನು ಕಡಿಮೆ ಮಾಡಿ ಹೇಳಿರಬಹುದಾದ ಸಂದರ್ಭಗಳೂ ಕಣ್ಣಿಗೆ ಬೀಳುತ್ತವೆ. ಕುದುರೆ ಏರಿ ಬಂದ ದೊರೆ ‘ಎಷ್ಟು ಬೆಳೆಯುತ್ತೀಯ’ ಎಂದು ಕೇಳಿದರೆ ನಿಜ ಹೇಳುವ ರೈತ ಈಗಲೂ ಕಡಿಮೆ.

ಸುಮಾರು ಅದೇ ಕಾಲದಲ್ಲಿ ಕರ್ನಲ್ ಕಾಲಿನ್ ಮೆಕೆಂಜಿ ಮೈಸೂರನ್ನು ಅಳೆಯುತ್ತ, ತನ್ನ ಸಹಾಯಕರ ಮೂಲಕ ಊರೂರಿನಿಂದ ಕೈಫಿಯತ್ತುಗಳನ್ನು ಬರೆಸಿ ತರಿಸಿದ. ಶಾನುಭೋಗರು, ಅರ್ಚಕರು, ಪಾಳೆಯಗಾರರ ವಂಶಸ್ಥರು ಹೇಳಿದ ಊರಿನ ವೃತ್ತಾಂತ ಅವುಗಳಲ್ಲಿದೆ. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಕನ್ನಡ ವಿಶ್ವವಿದ್ಯಾಲಯ ಕನ್ನಡದ ಕೈಫಿಯತ್ತುಗಳನ್ನು ಒಟ್ಟಿಗೆ ಪ್ರಕಟಿಸಿರುವುದರಿಂದ, ಅವುಗಳಿಗಾಗಿ ಚೆನ್ನೈಯ ಹಸ್ತಪ್ರತಿ ಭಂಡಾರಕ್ಕೆ ಹೋಗುವ ಅಗತ್ಯ ಈಗ ಅಷ್ಟಿಲ್ಲ. ಕೈಫಿಯತ್ತನ್ನು ನಾನು ಸಾಕ್ಷಿಯ ಹೇಳಿಕೆಯಂತೆ ಓದುತ್ತೇನೆ. ರಾಜ್ಯ ಬದಲಾದ ಹೊತ್ತಿನಲ್ಲಿ, ಇನಾಮು ಉಳಿಯುವುದೋ ಹೋಗುವುದೋ ಎಂಬ ಆತಂಕದಲ್ಲಿದ್ದವರು ಹೊಸ ಸರ್ಕಾರದ ಅಧಿಕಾರಿಯ ಮುಂದೆ ಹೇಳಿದ ಮಾತು ಅದು. ತಮ್ಮ ಮನೆತನದ ಹಕ್ಕು ಬಹು ಪುರಾತನವೆಂದು ಅವರು ಹೇಳದೆ ಇದ್ದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಇನ್ನು ಮನೆಯಿಂದ ಹೊರಡುವ ಮಾತು. ಮೈಸೂರಿನಲ್ಲಿ 1863ರಲ್ಲಿ ಆರಂಭವಾದ ಕಂದಾಯ ಮೋಜಣಿಯಿಂದ (ಭೂಮಾಪನದಿಂದ) ನಮಗೆ ಬಂದಿರುವ ಗ್ರಾಮನಕ್ಷೆ, ಸರ್ವೆ ನಂಬರುಗಳ ವಿಸ್ತೀರ್ಣ ಮತ್ತು ಕಂದಾಯ ತಿಳಿಸುವ ಆಕಾರಬಂದು, ಹೊಲಗಳ ಅಳತೆ ಬರೆದ ಟಿಪ್ಪಣಿ ಪುಸ್ತಕಗಳು ಊರಿನ ಇತಿಹಾಸಕ್ಕೆ ಅತಿ ಮುಖ್ಯವಾದ ಆಕರಗಳೆಂದು ನನ್ನ ಅಭಿಪ್ರಾಯ. ಇತಿಹಾಸದ ಪದವೀಧರರು ಇವುಗಳನ್ನು ಮುಟ್ಟದಿರುವುದು ನನಗೆ ಅರ್ಥವಾಗಿಲ್ಲ. ನಕ್ಷೆಯಲ್ಲಿ ಗ್ರಾಮಠಾಣ, ಗೋಮಾಳ, ಗುಂಡುತೋಪು, ಬಂಡಿದಾರಿ, ಕೆರೆಯ ಅಂಗಳ, ರಾಜಕಾಲುವೆ ಎಲ್ಲವೂ ಇರುತ್ತವೆ. ಈಗ ಮನೆಗಳಿಲ್ಲದ ಕಡೆ ‘ಬೇಚಿರಾಕ್’ ಎಂದು ದಾಖಲಾದ ಊರುಗಳೂ ಸಿಗುತ್ತವೆ. ಚಿರಾಗ್ ಎಂದರೆ ಪಾರಸಿಯಲ್ಲಿ ದೀಪ. ಸಂಜೆಯ ದೀಪ ಹಚ್ಚುವವರಿಲ್ಲದ ಊರು ಬೇಚಿರಾಕ್. ಅಂಥ ಊರಿನ ಹೊಲಗಳನ್ನು ಪಕ್ಕದ ಊರಿನವರು ಉಳುತ್ತಾರೆ, ಅಲ್ಲಿನ ಮಾರಮ್ಮನಿಗೆ ವರ್ಷಕ್ಕೊಮ್ಮೆ ಹೋಗಿ ಪೂಜೆ ಮಾಡಿ ಬರುತ್ತಾರೆ. ಏಕೆ ಖಾಲಿಯಾಯಿತೆಂದು ಕೇಳಿದರೆ ಪ್ಲೇಗು, ಬರ, ದಂಡು, ಶಾಪ ಎಂದು ನಾಲ್ಕು ಉತ್ತರ ಬರುತ್ತವೆ. ಸಾಲುಸಾಲು ಜನಗಣತಿ ವರದಿಗಳನ್ನು ಹಿಡಿದು, ಜನ ಯಾವ ಎರಡು ಗಣತಿಗಳ ನಡುವೆ ಇಲ್ಲವಾದರೆಂದು ಗುರುತಿಸಿದರೆ, ಆ ನಾಲ್ಕರಲ್ಲಿ ಎರಡು ಉತ್ತರಗಳನ್ನಾದರೂ ಬದಿಗಿಡಬಹುದು.

ರೈಸ್ ಅವರ ಸಂಪುಟದಲ್ಲಿ ಶಾಸನವಿರುವ ಸ್ಥಳವನ್ನು ‘ಇಂಥವನ ಹೊಲದಲ್ಲಿ’, ‘ಕೆರೆಯ ಕೋಡಿಯ ಬಳಿ’ ಎಂದು ತಿಳಿಸಿರುತ್ತಾರೆ. ನೂರಿಪ್ಪತ್ತು ವರ್ಷಗಳ ಮೇಲೆ ಆ ಇಂಥವನು ಯಾರು? ಇಲ್ಲಿ ಕೈಬರಹದ ಪಹಣಿಗಳು ನೆರವಾಗುತ್ತವೆ. ಭೂಮಿ ಯೋಜನೆಯಲ್ಲಿ ಗಣಕೀಕೃತ ಪಹಣಿ ಬಂದದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದಕ್ಕೆ ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಹೋಗಬೇಕು. ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆ ಈಗ ನಡೆಯುತ್ತಿದೆ. ಅಲ್ಲಿನ ನೌಕರರಿಗೆ ಜಗಳದ ಅರ್ಜಿದಾರರನ್ನು ಕಂಡು ಅಭ್ಯಾಸವೇ ಹೊರತು ಇತಿಹಾಸಕ್ಕೆಂದು ಬಂದವರನ್ನು ಕಂಡಲ್ಲ. ‘ಯಾವ ಕೇಸಿಗೆ?’ ಎಂದು ಕೇಳುತ್ತಾರೆ. ಸರ್ವೆ ನಂಬರು, ವರ್ಷ, ಬೇಕಾದ ದಾಖಲೆಯ ಹೆಸರು ಇಷ್ಟನ್ನು ಬರೆದು ದೃಢೀಕೃತ ನಕಲಿಗೆ ಅರ್ಜಿ ಕೊಟ್ಟರೆ ಕೆಲಸ ಸುಲಭ. ‘ಊರಿನ ಹಳೆಯ ಕಾಗದ ಏನಿದ್ದರೂ ಕೊಡಿ’ ಎಂದರೆ ಯಾರೂ ಕೊಡಲಾರರು. ನಾನು ಹಾಗೆ ಕೇಳಿ ಮೂರು ಬಾರಿ ಬರಿಗೈಯಲ್ಲಿ ಬಂದಿದ್ದೇನೆ. ತಪ್ಪು ನನ್ನದು.

ಕಲ್ಲು ಸಿಕ್ಕಿದ ಮೇಲೆ ಅದಕ್ಕೆ ಎಣ್ಣೆ, ಅರಿಶಿನ, ಸೀಮೆಸುಣ್ಣ, ಬಣ್ಣ ಯಾವುದನ್ನೂ ಹಚ್ಚಬೇಡಿರಿ. ಇಳಿಬಿಸಿಲಿನಲ್ಲಿ, ಇಲ್ಲವೆ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಹಿಡಿದು ಚಿತ್ರ ತೆಗೆದರೆ ಅಕ್ಷರಗಳು ತಾವಾಗಿಯೇ ಏಳುತ್ತವೆ. 2018ರಲ್ಲಿ ಹೆಬ್ಬಾಳದಲ್ಲಿ ಅಗೆತದ ವೇಳೆ ಹೊರಬಂದ ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲನ್ನು ಗುರುತಿಸಿ ಉಳಿಸಿದವರು ಬೆಂಗಳೂರಿನ ಶಾಸನಾಸಕ್ತ ನಾಗರಿಕರು. ಹೆಬ್ಬಾಳದ ಹಳೆಯ ರೂಪ ಪೆರ್ಬೊಳಲೆಂಬುದು ಆ ಕಲ್ಲಿನಿಂದ ಸ್ಪಷ್ಟವಾಯಿತು. 1909ರಲ್ಲಿ ಸ್ಥಾಪನೆಯಾದ ಮಿಥಿಕ್ ಸೊಸೈಟಿ ಈಗ ಬೆಂಗಳೂರು ಸುತ್ತಲಿನ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಸಾರ್ವಜನಿಕರಿಗೆ ಒದಗಿಸುತ್ತಿದೆ. ರೈಸ್ ಅವರ ಕಾಲದಲ್ಲಿದ್ದ ಕಲ್ಲುಗಳಲ್ಲಿ ಹಲವು ಈಗ ಇಲ್ಲ. ಒಂದೆರಡನ್ನು ನಾನು ಚರಂಡಿಯ ಮೇಲಿನ ಚಪ್ಪಡಿಯಾಗಿಯೂ ಬಟ್ಟೆ ಒಗೆಯುವ ಕಲ್ಲಾಗಿಯೂ ಕಂಡಿದ್ದೇನೆ.

ಕಾಗದವೂ ಕಲ್ಲೂ ಅಲ್ಲದ ಒಂದು ಬರೆಹದ ಸಾಮಗ್ರಿ ನಮ್ಮಲ್ಲಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿ ಮತ್ತು ಇದ್ದಿಲಿನ ಪುಡಿ ಬಳಿದು, ಒಣಗಿಸಿ, ಮಡಿಕೆಯಾಗಿಸಿ, ಬಳಪದಿಂದ ಬರೆಯುತ್ತಿದ್ದ ಕಡತ. ಕಚೇರಿಯ ಫೈಲಿಗೆ ನಾವು ಇಂದಿಗೂ ಕಡತವೆಂದು ಹೇಳುವುದು ಅದರಿಂದಲೇ. ಶಾನುಭೋಗರ ಮನೆಗಳ ಅಟ್ಟದಲ್ಲಿ, ಮಠಗಳಲ್ಲಿ ಇವು ಉಳಿದಿವೆ. 1916ರಲ್ಲಿ ಶೃಂಗೇರಿ ಮಠದ ದಾಖಲೆಗಳ ನಡುವೆ ಆರ್. ನರಸಿಂಹಾಚಾರ್ ಅವರಿಗೆ ಟಿಪ್ಪು ಸುಲ್ತಾನ್ ಮಠಕ್ಕೆ ಕನ್ನಡದಲ್ಲಿ ಬರೆಸಿದ ಪತ್ರಗಳ ಕಟ್ಟು ಸಿಕ್ಕಿತು. 1791ರಲ್ಲಿ ಮರಾಠರ ಕುದುರೆ ದಂಡು ಮಠವನ್ನು ಸುಲಿದದ್ದು, ಪುನಃ ಪ್ರತಿಷ್ಠೆಗೆ ಟಿಪ್ಪು ನೆರವು ಕಳುಹಿಸಿದ್ದು ಅವುಗಳಿಂದ ತಿಳಿಯಿತು. ನೂರಕ್ಕೂ ಹೆಚ್ಚು ವರ್ಷ ಕಟ್ಟು ಬಿಚ್ಚದೆ ಇದ್ದ ಕಾಗದಗಳು ಅವು. ಮನೆಯ ಅಟ್ಟದಲ್ಲಿರುವುದನ್ನು ತೋರಿಸಲು ಯಜಮಾನರು ಹಿಂಜರಿದರೆ ಅದಕ್ಕೆ ಕಾರಣವಿರುತ್ತದೆ, ಅನೇಕ ವೇಳೆ ಅದು ಪಾಲಿನ ವ್ಯಾಜ್ಯ. ನಾನು ಮೂಲವನ್ನು ಮನೆಯಿಂದ ಹೊರಗೆ ಒಯ್ಯುವುದಿಲ್ಲ. ಅಲ್ಲಿಯೇ ಚಿತ್ರ ತೆಗೆದು, ಒಂದು ಪ್ರತಿಯನ್ನು ಅವರಿಗೂ ಕೊಟ್ಟು ಬರುತ್ತೇನೆ.

ಅಚ್ಚಾದ ಆಕರಗಳಲ್ಲಿ ಎಲ್ಲರೂ ಗೆಜೆಟಿಯರಿಗೆ ಕೈಹಾಕುತ್ತಾರೆ, ಅದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ನಾನು ಅದಕ್ಕಿಂತ ಹೆಚ್ಚು ಪ್ರೀತಿಸುವುದು ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ಅಕ್ಟೋಬರ್ 7ರಂದು 144 ಸದಸ್ಯರೊಂದಿಗೆ ಮೊದಲ ಬಾರಿಗೆ ಸೇರಿದ ಆ ಸಭೆಗೆ ತಾಲ್ಲೂಕುಗಳ ಪ್ರತಿನಿಧಿಗಳು ದಸರೆಯ ವೇಳೆಗೆ ಬಂದು ತಮ್ಮ ಸೀಮೆಯ ಅಹವಾಲುಗಳನ್ನು ಹೇಳಿಕೊಳ್ಳುತ್ತಿದ್ದರು. ಒಡೆದ ಕೆರೆ, ದುರಸ್ತಿಯಿಲ್ಲದ ರಸ್ತೆ, ಬೇಕಾದ ಶಾಲೆ, ಹೆಚ್ಚಾದ ಕಂದಾಯ, ಇವುಗಳಿಗೆ ದಿವಾನರ ಉತ್ತರ. ಗೆಜೆಟಿಯರಿನಲ್ಲಿ ಸರ್ಕಾರ ಊರಿನ ಬಗ್ಗೆ ಮಾತಾಡಿದರೆ, ಇಲ್ಲಿ ಊರು ಸರ್ಕಾರದ ಎದುರು ಮಾತಾಡುತ್ತದೆ. ಆ ಪ್ರತಿನಿಧಿಗಳೂ ಹೆಚ್ಚಾಗಿ ಕಂದಾಯ ಕಟ್ಟುವಷ್ಟು ಭೂಮಿ ಇದ್ದವರೇ ಎಂಬುದನ್ನು ಮಾತ್ರ ಗಮನದಲ್ಲಿ ಇರಿಸಿಕೊಳ್ಳಬೇಕು.

ಬಾಯಿಮಾತಿನ ಆಕರಗಳಲ್ಲಿ ಹೆಳವರನ್ನು ಹೆಸರಿಸದೆ ಮುಂದೆ ಹೋಗಲಾರೆ. ಸುಗ್ಗಿಯ ನಂತರ ಎತ್ತಿನೊಡನೆ ಬಂದು, ಮನೆಯ ಮುಂದೆ ನಿಂತು, ವಂಶದ ಹೆಸರುಗಳನ್ನೂ ಮೂಲಪುರುಷ ಯಾವ ಊರಿನಿಂದ ಬಂದನೆಂಬುದನ್ನೂ ಸರಾಗವಾಗಿ ಹೇಳಿ, ಕಾಳು ಪಡೆದು ಹೋಗುವವರು. ಅವರು ಹೇಳುವ ವಲಸೆಯ ದಾರಿ ಎಷ್ಟೋ ಸಲ ಮನೆದೇವರ ಊರಿನೊಂದಿಗೆ ಹೊಂದಿಕೊಳ್ಳುತ್ತದೆ. ಹಾಗೆ ಹೊಂದಿದಾಗ ನಾನು ಅದನ್ನು ಗಟ್ಟಿಯಾದ ಸುಳಿವೆಂದು ಭಾವಿಸುತ್ತೇನೆ. ಕಾಳು ಹೆಚ್ಚು ಕೊಟ್ಟ ಮನೆಯ ವಂಶ ಸ್ವಲ್ಪ ಉದ್ದವಾಗುವುದೂ ಉಂಟು. ಶಾಸನ ಬರೆದ ಕವಿಗೂ ಹೀಗೆಯೇ ಆಗಿರಬೇಕು. ಹೇಳಿದವರ ಹೆಸರು, ಕೇಳಿದ ದಿನ, ಮನೆಯಲ್ಲಿ ಬೇರೆ ಯಾರು ಕುಳಿತಿದ್ದರು ಎಂಬುದನ್ನು ಧ್ವನಿಮುದ್ರಣದ ಜೊತೆಗೆ ಬರೆದಿಡುವುದು ಒಳ್ಳೆಯದು. ಅಣ್ಣ ಎದುರಿಗಿದ್ದಾಗ ತಮ್ಮ ಹೇಳುವ ಕಥೆ ಒಂದು, ಇಲ್ಲದಾಗ ಹೇಳುವುದು ಇನ್ನೊಂದು.

ಮಾತು ಮುಗಿದ ಮೇಲೆ ಸಭೆಯ ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು, ‘ಕಂದಾಯ ಯಾರಿಗೆ ಕಟ್ಟಿದರು ಎಂದು ಕೇಳುತ್ತೀರಲ್ಲ ಸಾರ್, ನಮ್ಮ ತಾತ ಕಂದಾಯವನ್ನೇ ಕಟ್ಟಿದವರಲ್ಲ. ನಮಗೆ ಭೂಮಿ ಎಲ್ಲಿತ್ತು? ತೋಟಿ ಕೆಲಸ ಮಾಡಿಕೊಂಡಿದ್ದರು. ನಮ್ಮ ಚರಿತ್ರೆ ಎಲ್ಲಿ ಹುಡುಕಬೇಕು?’ ಎಂದು ಕೇಳಿದರು. ಈ ಬರಹದ ಕೊನೆಯ ಭಾಗವನ್ನು ಅವರ ಪ್ರಶ್ನೆಗೆ ಕೊಡುತ್ತಿದ್ದೇನೆ, ಏಕೆಂದರೆ ಅಂದು ನಾನು ಕೊಟ್ಟ ಉತ್ತರ ಅವಸರದ್ದಾಗಿತ್ತು.

ಕಂದಾಯದ ದಾಖಲೆ ಕಂದಾಯ ಕಟ್ಟದವರನ್ನು ಬಿಟ್ಟುಬಿಡುತ್ತದೆ ಎಂಬುದು ನಿಜ. ಆದರೆ ಕಂದಾಯ ವಸೂಲಾಗಲು ದುಡಿದವರನ್ನು ಅದು ಪೂರ್ತಿಯಾಗಿ ಬಿಡಲಾರದು. ತೋಟಿ, ತಳವಾರ, ನೀರುಗಂಟಿಗಳಿಗೆ ಚಾಕರಿಗಾಗಿ ಬಿಟ್ಟ ಇನಾಮು ಭೂಮಿ ಇರುತ್ತಿತ್ತು. ಅದು ಇನಾಮು ರಿಜಿಸ್ಟರಿನಲ್ಲಿ ಹೆಸರಿನೊಂದಿಗೆ ದಾಖಲಾಗುತ್ತಿತ್ತು. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆಯಿಂದ ಪಟೇಲ, ಶಾನುಭೋಗರ ವಂಶಪಾರಂಪರ್ಯ ಅಧಿಕಾರ ಹೋದಾಗ, ಆ ಚಾಕರಿಯ ಭೂಮಿಗಳನ್ನು ಹಿಡುವಳಿದಾರರಿಗೆ ಮರುಮಂಜೂರು ಮಾಡಲಾಯಿತು. ರೀಗ್ರಾಂಟ್ ಕಡತಗಳೆಂದು ಕಚೇರಿಯಲ್ಲಿ ಕರೆಯುವ ಆ ಕಟ್ಟುಗಳಲ್ಲಿ ಅರ್ಜಿದಾರನ ಹೇಳಿಕೆಯೂ ವಂಶವೃಕ್ಷವೂ ಸಿಗುವುದುಂಟು. ಯಾವ ಶಾಸನದಲ್ಲಿಯೂ ಹೆಸರಿಲ್ಲದ ಮನೆತನಗಳಿಗೆ ಮೂರು ನಾಲ್ಕು ತಲೆಮಾರಿನ ಲಿಖಿತ ವಂಶಾವಳಿ ಇರುವುದು ಬಹುಶಃ ಅಲ್ಲಿ ಮಾತ್ರ.

ಗೇಣಿ ಮಾಡಿದ ಕುಟುಂಬಗಳಿಗೆ ಇನ್ನೊಂದು ಆಕರವಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯ ಪ್ರಕಾರ ಗೇಣಿದಾರರು ಭೂನ್ಯಾಯ ಮಂಡಳಿಯ ಮುಂದೆ ನಮೂನೆ 7ರಲ್ಲಿ ಅರ್ಜಿ ಹಾಕಬೇಕಾಗಿತ್ತು. ತಾವು ಎಂದಿನಿಂದ ಉಳುತ್ತಿದ್ದೇವೆ, ಯಾರಿಗೆ ಎಷ್ಟು ಗೇಣಿ ಅಳೆದಿದ್ದೇವೆ, ಸಾಕ್ಷಿ ಯಾರು ಎಂದು ಅವರು ಹೇಳಿದ ಮಾತುಗಳನ್ನು ವಿಚಾರಣೆಯಲ್ಲಿ ಬರೆದುಕೊಳ್ಳಲಾಯಿತು, ಹೇಳಿಕೆಯ ಕೆಳಗೆ ಹೆಬ್ಬೆಟ್ಟಿನ ಗುರುತು ಒತ್ತಿಸಲಾಯಿತು. ಓದುಬರಹ ಬಾರದ ಲಕ್ಷಾಂತರ ಜನರು ತಮ್ಮ ದುಡಿಮೆಯ ಚರಿತ್ರೆಯನ್ನು ತಾವೇ ಹೇಳಿ ಸರ್ಕಾರಿ ಕಾಗದದಲ್ಲಿ ಬರೆಸಿದ ಸಂದರ್ಭ ಕರ್ನಾಟಕದಲ್ಲಿ ಇದಕ್ಕಿಂತ ದೊಡ್ಡದು ಇನ್ನೊಂದು ನನಗೆ ಕಾಣದು. ಈ ಕಡತಗಳ ಮೇಲೆ ಊರುಮಟ್ಟದ ಕೆಲಸ ತೀರ ಕಡಿಮೆ ಆಗಿದೆ. ಇವು ಜಾಲದಲ್ಲಿ ಹುಡುಕಿದರೆ ಸಿಗುವಂಥವಲ್ಲ; ಗೆದ್ದಲು ಹಿಡಿದ ಕಟ್ಟುಗಳನ್ನು ನಾನು ಕಂಡಿದ್ದೇನೆ. ಇವುಗಳ ಜೊತೆಗೆ ಊರಿನ ಶಾಲೆಯ ಹಳೆಯ ದಾಖಲಾತಿ ಪುಸ್ತಕವನ್ನು ನೋಡಿದರೆ, ಒಂದು ಕೇರಿಯ ಮೊದಲ ಮಗು ಯಾವ ವರ್ಷ ಶಾಲೆಗೆ ಬಂತು, ಮೊದಲ ಹೆಣ್ಣುಮಗು ಯಾವ ವರ್ಷ ಬಂತು ಎಂಬುದು ತಿಳಿಯುತ್ತದೆ. ಬದುಕಿರುವವರ ಜಾತಿ, ಜನ್ಮದಿನಾಂಕಗಳು ಅದರಲ್ಲಿರುವುದರಿಂದ ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಹೆಸರುಗಳನ್ನು ಬಿಟ್ಟು ವರ್ಷಗಳನ್ನು ಮಾತ್ರ ಬರೆದುಕೊಳ್ಳಬೇಕು.

ಸಭೆ ಚೆದುರಿದ ಮೇಲೆ ಆ ಹಿರಿಯರು ನನ್ನ ಬಳಿಗೆ ಬಂದರು. ಅವರ ಕೈಚೀಲದಲ್ಲಿ ಎರಡು ಎಕರೆಯ ಒಂದು ಪಹಣಿ ಇತ್ತು, ಅವರ ತಂದೆಯ ಹೆಸರಿನದು. ಜಮೀನು ಹೇಗೆ ಬಂತೆಂದು ತಿಳಿಸುವ ಅಂಕಣದಲ್ಲಿ ಒಂದು ಆದೇಶದ ಸಂಖ್ಯೆ, 1970ರ ದಶಕದ ಒಂದು ತಾರೀಖು. ಅದು ಏನೆಂದು ಅವರು ಯಾರನ್ನೂ ಕೇಳಿರಲಿಲ್ಲ, ಬ್ಯಾಂಕಿಗೆ ಕೊಡುವ ಕಾಗದವೆಂದಷ್ಟೇ ಗೊತ್ತಿತ್ತು. ಗ್ರಂಥಪಾಲಕರಿಂದ ಒಂದು ಬಿಳಿ ಹಾಳೆ ಕೇಳಿ ಪಡೆದು, ಆ ಸಂಖ್ಯೆಯ ಮೂಲ ಕಡತದ ದೃಢೀಕೃತ ನಕಲಿಗಾಗಿ ತಹಶೀಲ್ದಾರರಿಗೆ ಅರ್ಜಿಯನ್ನು ಅಲ್ಲಿಯೇ ಕುಳಿತು ಬರೆದೆವು.